ಶರಾವತಿಯ ಪ್ರೋಗ್ರೆಸ್ ಕಾರ್ಡು

ಹೊಸನಗರ
೧೨-೧೧-೧೯೬೭

ಗೆಳೆಯ ಮುಕುಂದಯ್ಯನಿಗೆ,

ಧರ್ಮಪ್ಪನ ನಮಸ್ಕಾರ. ನಾವು ಇಲ್ಲಿ ಆರಾಮ. ಅರಳಸುರಳಿಯಲ್ಲಿ ನೀವೆಲ್ಲ ಹೇಗಿದ್ದೀರಿ ಎಂದು ಕೇಳಲಿಕ್ಕೂ ನಾಚಿಕೆಯಾಗುತ್ತದೆ. ನಿನ್ನ ಕಾಗದ ಬಂದು ಮೂರು ವಾರವಾಯಿತು. ಪುರಸೊತ್ತಿರಲಿಲ್ಲ ಎಂದರೆ ಸುಳ್ಳು. ಧೈರ್ಯವಿರಲಿಲ್ಲ.

"ಮಗಳು ಮಂದ ಅಂತ ಮೇಷ್ಟ್ರಾಗಿ ನೀನೇ ಕಾರ್ಡಲ್ಲಿ ಬರೆದ ಮೇಲೆ ಇನ್ನೆಂಥ ಓದು? ದಸರಾ ರಜೆಗೆ ಬಂದೋಳನ್ನ ಮನೇಲೇ ಉಳಿಸ್ಕೊಂಡೆ" ಎಂದು ಬರೆದಿದ್ದೀಯ. ಮಾರಾಯ, ಶರಾವತಿ ಮಂದಳಲ್ಲ.

ಈ ವರ್ಷ ನಮ್ಮಲ್ಲಿ ಎಂಟನೇ ಕ್ಲಾಸಿಗೆ ಇಂಗ್ಲಿಷ್ ಮೀಡಿಯಂ ಶುರುವಾಯಿತು. ವಿಜ್ಞಾನದ ಪಾಠ ನನ್ನ ತಲೆಗೆ ಬಿತ್ತು. ಇಂಗ್ಲಿಷ್ ಓದಿದರೆ ತಿಳಿಯುತ್ತದೆ, ಬಾಯಿ ಬಿಟ್ಟರೆ ಒಂದು ವಾಕ್ಯ ನೆಟ್ಟಗೆ ಹೊರಡುವುದಿಲ್ಲ. ಹೆಡ್‌ಮಾಸ್ತರು ರಾಮಚಂದ್ರಪ್ಪ, "ಪಾಠ ಮಾಡ್ತಾ ಮಾಡ್ತಾ ಬರ್ತದೆ, ಹೆದರ್ಬೇಡ್ರಿ" ಎಂದರು. ಬಂತು, ಸ್ವಲ್ಪ. ಮಕ್ಕಳು ಕಲಿತ ದಿನವೇ ನಾನೂ ಕಲಿತೆ.

ಆದರೆ ಮೊದಲ ವಾರವೇ ಒಂದು ಕಾನೂನು ಮಾಡಿದ್ದೆ: ಕ್ಲಾಸಿನಲ್ಲಿ ಕನ್ನಡ ಆಡಿದವರು ಬೆಂಚಿನ ಮೇಲೆ ನಿಲ್ಲಬೇಕು. ಎಂಥ ಶಿಸ್ತು ಎಂದು ಊರೇ ಹೊಗಳಿತು. ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಲು ಯಾವ ಮಗುವಿಗೂ ಬಾರದು, ನಾನು ಬಚಾವು ಎನ್ನುವ ಲೆಕ್ಕ ನನ್ನದು.

ನಿನ್ನ ಮಗಳು ಎದ್ದು ಕನ್ನಡದಲ್ಲೇ ಕೇಳಿದಳು: "ಸಾರ್, ಬೇಸಿಗೇಲಿ ಮಡಕೆ ನೀರು ತಣ್ಣಗಾಗ್ತದೆ. ಮಳೆಗಾಲದಲ್ಲಿ ಯಾಕೆ ಅಷ್ಟು ಆಗಲ್ಲ?" ಕನ್ನಡದಲ್ಲಾದರೆ ಎರಡು ನಿಮಿಷದ ಉತ್ತರ. ಇಂಗ್ಲಿಷಿನಲ್ಲಿ ನಾಲಿಗೆ ಏಳಲಿಲ್ಲ. "ಸಿಲ್ಲಿ ಕ್ವೆಶ್ಚನ್" ಎಂದು ಬೆಂಚು ಹತ್ತಿಸಿದೆ. ಹುಡುಗರು ನಕ್ಕರು. ಆಮೇಲೆ ಅವಳು ನನ್ನ ಕ್ಲಾಸಿನಲ್ಲಿ ಬಾಯಿಯೇ ಬಿಡಲಿಲ್ಲ.

ಆ ಕಾರ್ಡು ಹರಿದು ಹಾಕು. ಇದನ್ನೆಲ್ಲ ಹೆಡ್‌ಮಾಸ್ತರಿಗೆ ಹೇಳಿ, ಬೈಸಿಕೊಂಡು, ಬೇರೆ ಕಾರ್ಡು ಬರೆದಿದ್ದೇನೆ. ಕಾಗದ ಮುಟ್ಟಿದ ಮಾರನೇ ದಿನವೇ ಅವಳನ್ನು ಬಸ್ಸು ಹತ್ತಿಸು. ನಾನೇ ಬಂದು ಇಳಿಸಿಕೊಂಡು ನಿನ್ನ ತಂಗಿಯ ಮನೆ ಮುಟ್ಟಿಸುತ್ತೇನೆ. ನನ್ನ ಮೇಲಿನ ಸಿಟ್ಟಿಗೆ ಅವಳ ಓದು ಕೆಡಿಸಬೇಡ.

ಮಗು ನನಗಿಂತ ಹೆಚ್ಚು ಓದಲಿ, ಚೆನ್ನಾಗಿರಲಿ.

ನಿನ್ನ,
ಧರ್ಮಪ್ಪ

ಮರೆತದ್ದಲ್ಲ, ಬೇಕೆಂದೇ ಒಂದು ಮಾತು ಬಿಟ್ಟಿದ್ದೆ. ಬೆಂಚು ಹತ್ತಿಸಿದ ದಿನ ಗಂಟೆ ಹೊಡೆದು ಎಲ್ಲರೂ ಹೋದ ಮೇಲೆ ಅವಳು ನನ್ನ ಮೇಜಿನ ಹತ್ತಿರ ಬಂದಳು. "ಈಗ ಯಾರೂ ಇಲ್ಲ ಸಾರ್, ಕನ್ನಡದಲ್ಲೇ ಹೇಳಿ. ನಾ ಯಾರ ಹತ್ರಾನೂ ಹೇಳಲ್ಲ" ಎಂದಳು. ಆ ಮಗು ನನ್ನನ್ನು ಕಂಡು ಮರುಗಿತ್ತು, ಮುಕುಂದ. ಅದನ್ನು ತಡೆಯಲಾರದೆ ಮಂದ ಎಂದು ಬರೆದೆ. ಅವಳು ನಿನಗೂ ಹೇಳಿಲ್ಲ ಎಂದು ನಿನ್ನ ಕಾಗದ ಓದಿದಾಗ ತಿಳಿಯಿತು.