ಮಂಡಿ ನೋವಿಗೆ ಮಂಡೆ ಎಕ್ಸ್‌ರೇ

ಮದ್ರಾಸು
೧೨-೭-೮೩

ಕೋದಂಡಪ್ಪ ಭಾವನವರಿಗೆ, ಆಸ್ಪತ್ರೆಯ ಬೆಂಚಿನ ಮೇಲಿಂದ ನಿಮ್ಮ ತಮ್ಮನ ಹೆಂಡತಿಯ ನಮಸ್ಕಾರ.

ಬಂಗಾರಪೇಟೆಯಲ್ಲಿ ರೈಲು ಹತ್ತುವಾಗ ನೀವು, ‘ಮಂಡಿ ನೋವಿಗೆ ಮದ್ರಾಸಿಗೆ ಓಗೋರುಂಟಾ? ನಿಂಗೆ ತಲೆ ಕೆಟ್ಟೈತೆ ಕಣಮ್ಮ’ ಅಂದಿರಿ, ನೆನಪಿದೆಯಲ್ಲ? ಆರು ವರ್ಷ ನೋವು ತಿಂದವಳು ನಾನು, ಡಾಕ್ಟರನ್ನು ಆರಿಸಿದವಳೂ ನಾನೇ. ಮೇಷ್ಟರ ಕೈಲಿ ಮೂವರು ದೊಡ್ಡ ಡಾಕ್ಟರಿಗೆ ಇಂಗ್ಲಿಷಿನಲ್ಲಿ ಕಾಗದ ಬರೆಸಿದೆ. ‘ಹಾಲು ಕರೆಯಲು ಕೂರುವಾಗ ನೋವು ಹೆಚ್ಚೋ, ಏಳುವಾಗಲೋ?’ ಎಂದು ತಿರುಗಿ ಬರೆದು ಕೇಳಿದವರು ಇಲ್ಲಿಯ ಡಾಕ್ಟರೊಬ್ಬರೇ.

ಇಲ್ಲಿ ಚೀಟಿ ಬರೆಯುವ ನರ್ಸಮ್ಮನಿಗೆ ‘ಮಂಡಿ ನೋವು’ ಅಂದೆ. ತಮಿಳಿನಲ್ಲಿ ಮಂಡೈ ಅಂದರೆ ತಲೆಯಂತೆ! ನನ್ನನ್ನು ಮಲಗಿಸಿ ತಲೆಗೇ ಎಕ್ಸ್‌ರೇ ತೆಗೆದುಬಿಟ್ಟರು. ದೊಡ್ಡ ಡಾಕ್ಟರು ಆ ಫಿಲ್ಮು ಹಿಡಿದು ನೋಡುತ್ತಿದ್ದರೆ ನಾನು ಸುಮ್ಮನಿರಲಿಲ್ಲ. ಸೀರೆಯ ಮೇಲಿಂದಲೇ ಮಂಡಿಗೆ ಪಟ್ಟನೆ ಹೊಡೆದು, ‘ಮಂಡಿ ಅಂದ್ರೆ ಇದು ಸ್ವಾಮಿ!’ ಅಂದೆ. ಅವರು ನಕ್ಕು, ‘ಹಾಲು ಕರೆಯುವ ಅಮ್ಮ ನೀವೇನಾ?’ ಎಂದು ತೆಲುಗಿನಲ್ಲಿ ಕೇಳಿದರು. ತೆಲುಗು ನನಗೂ ಬರುತ್ತಲ್ಲ, ಆಮೇಲೆ ನಮ್ಮಿಬ್ಬರ ಮಧ್ಯೆ ಮಾತು ತಿಳಿಸಿಹೇಳಲು ಯಾರೂ ಬೇಕಾಗಲಿಲ್ಲ.

ಗುರುವಾರ ಆಪರೇಷನ್. ಕೆಂಚಿ ಹಸು ಒದೆಯುತ್ತದೆ, ಹಿಂಗಾಲು ಕಟ್ಟಿ ಕರೆಯಲು ನಿಮ್ಮ ತಮ್ಮನಿಗೆ ಹೇಳಿ. ಕಾರ್ಡಿನಲ್ಲಿ ಜಾಗ ಮುಗಿಯುತ್ತಾ ಬಂತು.

ನನ್ನ ತಲೆಯಲ್ಲಿ ಯಾವ ದೋಷವೂ ಇಲ್ಲವೆಂದು ಬರೆದುಕೊಟ್ಟಿದ್ದಾರೆ. ಫಿಲ್ಮು ಊರಿಗೆ ತರುತ್ತೇನೆ, ನೀವೇ ಬಿಸಿಲಿಗೆ ಹಿಡಿದು ನೋಡಿ.

ಮುನಿರತ್ನಮ್ಮ