ಹಲ್ಲಿನ ಹುಳಕ್ಕೆ ಬೀಡಿ ಹೊಗೆ

ರಾಧಿಕಾಳ ಅಪ್ಪನಿಗೆ,

ನಿನ್ನೆ ಶಹಾಪುರದಲ್ಲಿ ಕಿತ್ತ ಎರಡು ಹಲ್ಲಿಗೆ ಎಂಟುನೂರು, ಮಾತ್ರೆಗೆ ಮುನ್ನೂರು, ಬಸ್ಸಿನದು ಬೇರೆ. ನಾನು ಹತ್ತಿ ಬಿಡಿಸಲು ಹೊರಟೆ. ಅಂಬಲಿ ಆರಿಸಿಟ್ಟಿದ್ದೇನೆ, ಕುಡಿದು ಮಾತ್ರೆ ನುಂಗಿ.

ನೀವು ಸಣ್ಣವರಿದ್ದಾಗ ನಿಮ್ಮವ್ವ ನೆಲಗುಳ್ಳದ ಬೀಜ ಸುಟ್ಟು ಹಲ್ಲಿಗೆ ಹೊಗೆ ಹಿಡಿಸಿದ್ದು ನಿಜ. ಅದನ್ನೇ ನಂಬಿ, "ಹೊಗಿಗೆ ಹುಳ ಸಾಯ್ತಾವ, ನೀ ಸುಮ್ಕಿರು" ಎನ್ನುತ್ತ ಬೀಡಿ ಸೇದುತ್ತೀರಿ. ಡಾಕ್ಟರಮ್ಮ ಏನೆಂದರು? "ಕಾಕಾರ, ಬಾಯಾಗ ನಮ್ಮನ್ನ ಕಾಯೋ ಹುಳಾನೂ ಇರ್ತಾವ್ರಿ. ಹೊಗಿಗೆ ಅವು ಸಾಯ್ತಾವ, ಕೆಟ್ಟವು ಬೆಳೀತಾವ." ತಲೆ ಆಡಿಸಿದಿರಿ. ಹೊರಗೆ ಬಂದವರೇ, ಬಾಯಲ್ಲಿ ಅರಳೆ ಇರುವಾಗಲೇ ಕಡ್ಡಿ ಗೀರಿದಿರಿ.

ಬೀಡಿ ಬಚ್ಚಿಟ್ಟರೆ ಬೇರೆ ಕಟ್ಟು ತರುತ್ತೀರಿ, ಬೈದರೆ ಊಟ ಬಿಡುತ್ತೀರಿ. ನನಗಿನ್ನು ದಾರಿ ತೋಚದು. ಕಟ್ಟು ಗೋಡೆಯ ಗೂಡಿನಲ್ಲೇ ಇದೆ.

ಈ ವರ್ಷ ಆರು ಹಲ್ಲು ಹೋದವು. ಬೀಡಿ ಒಂದೂ ಕಡಿಮೆಯಾಗಲಿಲ್ಲ.

ಅಯ್ಯಮ್ಮ