ಕುನಾಶಿರಿಗೆ ಯಾರ ಅಂಚೆಚೀಟಿ?

ಅಮ್ಮಾ,

ನಿನ್ನ ತಮ್ಮನ ಸಮಾಧಿಕಲ್ಲು ಇನ್ನೂ ಇದೆ. ನೀನು ಹುಟ್ಟಿದ ಈ ಕುನಾಶಿರಿ ದ್ವೀಪ ಜಪಾನಿನದೋ ರಷ್ಯಾದ್ದೋ ಎಂಬ ಮಾತುಕತೆಗೆ ಎಪ್ಪತ್ತು ವರ್ಷ. ಸಮಾಧಿ ನೋಡಲು ಜಪಾನಿನಿಂದ ಹಡಗಿನಲ್ಲಿ ಬಂದ ನಮಗೆ ಎರಡೇ ಗಂಟೆ. ಮಾತಿಗೆ ಕೊನೆಯಿಲ್ಲ, ಮಂಜಿಗೆ ಬಿಡುವಿಲ್ಲ.

ಕಲ್ಲಿನ ಸುತ್ತ ಹುಲ್ಲು ಕೊಯ್ದು ಚೊಕ್ಕಟವಾಗಿತ್ತು. ಕೊಯ್ದವಳು ಪಕ್ಕದ ಮನೆಯ ರಷ್ಯನ್ ಅಜ್ಜಿ ಜಿನಾಯಿದಾ. "ಕೂಸಿನ ಸಮಾಧಿ ಅಲ್ವೇನಪ್ಪ? ಎರಡೂ ಕಡೆ ಮಂತ್ರಿಗಳು ಒಪ್ಪೋವರೆಗೂ ಹುಲ್ಲು ಕಾಯುತ್ತಾ?" ಎಂದಳು. ನೀನು ಕಟ್ಟಿಕೊಟ್ಟ ಅನ್ನದುಂಡೆಗಳಲ್ಲಿ ಒಂದನ್ನು ಕಲ್ಲಿನ ಮುಂದೆ ಅವನಿಗೆ ಇಟ್ಟೆ, ಒಂದನ್ನು ಅವಳಿಗೆ ಕೊಟ್ಟೆ.

ನೀನು ಚಿಂತಿಸುತ್ತಿದ್ದ ನನ್ನ ಮೊಣಕಾಲು ನೆಟ್ಟಗಿದೆ. ಈ ಕಾರ್ಡಿಗೆ ರಷ್ಯಾದ ಅಂಚೆಚೀಟಿ ಅಂಟಿಸಿದರೆ ದ್ವೀಪ ಅವರದೆಂದು ಒಪ್ಪಿದ ಹಾಗೆ ಎಂದು ಜೊತೆಗೆ ಬಂದ ನಮ್ಮ ಜಪಾನಿ ಅಧಿಕಾರಿ ತಡೆದರು. ನಮ್ಮ ಚೀಟಿ ಇಲ್ಲಿ ನಡೆಯದು. ಹಡಗು ಕೂಗುತ್ತಿದೆ. ಈ ಕಾರ್ಡನ್ನು ನಾನೇ ತಂದು ಓದಿ ಹೇಳುತ್ತೇನೆ.

ತೆತ್ಸುಯಾ